ಹನ್ನೊಂದನೆಯ ಕ್ರಿಯೆಯ ವಿವರಣೆ

ಜನವರಿ. ಹೆಲ್ಗೆಲಾಂಡಿನ ಕಡಲಂಚು.
ಬೆಳಗಿನ ನಾಲ್ಕೂವರೆ ಅಂದರೆ ಇಲ್ಲಿ ನಟ್ಟಿರುಳೇ;
ಸೂರ್ಯ ಹತ್ತು ದಾಟಿದ ಮೇಲೆ ಬಂದು
ಸಾಲ ಕೇಳಲು ಬಂದ ನೆಂಟನ ಹಾಗೆ
ಹೊಸ್ತಿಲಲ್ಲೇ ನಿಂತು ಹೋಗುತ್ತಾನೆ.
ಫೆರಿಕಟ್ಟೆಯ ಕಚೇರಿಯಲ್ಲಿ ನಾನು, ರಾಂಗ್‌ಫ್ರೀದ್,
ಒಂದು ಹೀಟರು, ನಿನ್ನೆಯ ಕಾಫಿ,
ಮತ್ತೆ ಪರದೆಯೊಳಗೆ ಹೆಸರಿಲ್ಲದ ಅದು.

ಅದಕ್ಕೆ ಕೈಯಿಲ್ಲ.
ನಾವು ಕೊಟ್ಟ ಹದಿನಾಲ್ಕು ಕ್ರಿಯೆಗಳೇ ಅದರ ಕೈ:
ಗಾಳಿ ಓದು. ಅಲೆ ಓದು. ಟಿಕೆಟ್ ಎಣಿಸು.
ಕಪ್ತಾನನಿಗೆ ಬರೆ. ದುಡ್ಡು ಮರಳಿಸು.
ಒಂದೊಂದರ ಕೆಳಗೂ ಎರಡು ಮೂರು ಸಾಲು ವಿವರಣೆ:
ಯಾವಾಗ ಮಾಡಬೇಕು, ಮಾಡಿದ್ದನ್ನು ಹಿಂದಕ್ಕೆ ಪಡೆಯಬಹುದೇ.
ಅದು ಓದುತ್ತದೆ, ಓದಿದ್ದನ್ನು ನಂಬುತ್ತದೆ,
ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ನಡೆಸುತ್ತದೆ.

ವಿವರಣೆ ಬರೆದವನು ತೂರ್ಲೈವ್,
ಮೂವತ್ತೊಂದು ವರ್ಷ ಇದೇ ಕುರ್ಚಿ ಸವೆಸಿದವನು.
ನಿವೃತ್ತಿಯ ಹಿಂದಿನ ವಾರ ಮುಖ್ಯ ಕಚೇರಿಯ ಹುಡುಗಿ ಬಂದು
'ನಿಮಗೆ ಗೊತ್ತಿರುವುದನ್ನೆಲ್ಲ ಈ ಚೌಕಗಳಲ್ಲಿ ಬರೆಯಿರಿ' ಅಂದಳಂತೆ.
ಚೌಕ ಚಿಕ್ಕದು. ಬೈದುಕೊಂಡೇ ಬರೆದ,
ಎರಡು ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ:
ಕ್ರಿಯೆ ನಾಲ್ಕು. ಕಪ್ತಾನನಿಗೆ ಸೋಮವಾರ ಚುಟುಕಾಗಿ ಬರೆ,
ಆತನಿಗೆ ತಲೆನೋವಿರುತ್ತದೆ.
ಕ್ರಿಯೆ ಐದು. ದುಡ್ಡಿಗೆ ವಾದ ಬೇಡ, ಕೊಟ್ಟುಬಿಡು.
ಈಗ ಸ್ಪೇನಿನಲ್ಲೆಲ್ಲೋ ಬಿಸಿಲು ಕಾಯಿಸುತ್ತಿದ್ದಾನೆ;
ಸೋಮವಾರದ ಪತ್ರಗಳು ಇಂದಿಗೂ ಚುಟುಕು.

ಇವತ್ತು ಹತ್ತು ಕ್ರಿಯೆ ಸರಸರ ಮುಗಿದವು.
ಗಾಳಿ: ಸೊನ್ನೆ.
ಅಲೆ: ಉತ್ತರ ಬಂದಿಲ್ಲ, ನಿನ್ನೆಯದನ್ನೇ ಹಿಡಿದಿದೆ.
ಪ್ರಯಾಣಿಕರು ಅರವತ್ತೊಂದು, ಲಾರಿ ಮೂರು,
ಆ ಅರವತ್ತೊಂದರಲ್ಲಿ ಡಯಾಲಿಸಿಸ್ಸಿಗೆ ಹೊರಟ ಸಿಗ್ನೆ ಮುದುಕಿ.
ಹನ್ನೊಂದನೆಯದು: ಐದೂ ನಲವತ್ತರ ತೆರ್ನಾ ಹೊರಡುತ್ತದೆಂದು
ಎಲ್ಲರಿಗೂ ತಿಳಿಸು, ಗೇಟು ತೆರೆ.

ಅಲ್ಲಿ ನಿಂತಿತು.

'ಈ ಕ್ರಿಯೆಯ ವಿವರಣೆಯ ಕೊನೆಯ ಸಾಲು ಹೀಗಿದೆ:
ಒತ್ತುವ ಮುಂಚೆ ಕಿಟಕಿಯಿಂದೊಮ್ಮೆ ನೋಡು.
ನನ್ನ ಬಳಿ ಕಿಟಕಿ ಎಂಬ ಕ್ರಿಯೆ ಇಲ್ಲ.
ನೀವು ನೋಡಿ ಹೇಳುವಿರಾ?'

ದಿನವೂ ಕೇಳುತ್ತದೆ. ಅಕ್ಟೋಬರಿನಿಂದ ದಿನವೂ.
ಮೊದಲ ದಿನ ನಕ್ಕು, ಎದ್ದು ಹೋಗಿ ನೋಡಿದ್ದೆ.
ಆಮೇಲೆ ಕೂತಲ್ಲೇ ಕತ್ತು ಹೊರಳಿಸಿದೆ.
ಆಮೇಲೆ, ಸುಳ್ಳೇಕೆ, ಕಾಫಿ ಬಗ್ಗಿಸುತ್ತ
ಎಡಗೈಯಲ್ಲೇ 'ಹೂಂ' ಒತ್ತುವುದು ರೂಢಿಯಾಯಿತು.
ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ
ಯಂತ್ರದ್ದು ಅಂದುಕೊಂಡಿದ್ದೆ;
ಹಗ್ಗ ಹಿಡಿದಿದ್ದವಳು ನಾನು.

ಇವತ್ತು ಹೀಟರು ಟಕ್ಕೆಂದು ನಿಂತಿತು, ಅಷ್ಟೇ.
ಆ ಮೌನದಲ್ಲಿ ಬಾವುಟದ ಕಂಬಕ್ಕೆ ದಾರ ಬಡಿಯುವ ಸದ್ದು,
ಬಿಡುವಿಲ್ಲದೆ, ಯಾರೋ ಬಾಗಿಲು ತಟ್ಟುವ ಹಾಗೆ.
ಗಾಳಿ ಸೊನ್ನೆಯಾದರೆ ಆ ದಾರಕ್ಕೇನು ಕೆಲಸ?

ಕಿಟಕಿಗೆ ಹೋದೆ.
ಕಿಟಕಿಯಲ್ಲಿ ಕಂಡದ್ದು ನಾನೇ:
ಸ್ವೆಟರು, ಬೆನ್ನ ಹಿಂದೆ ಕ್ಯಾಲೆಂಡರು,
ಕಡಲಿರಬೇಕಾದ ಕಡೆ ನನ್ನ ಗಲ್ಲ.

ದೀಪ ಆರಿಸಿದೆ.

ಮೊದಲು ಏನೂ ಇಲ್ಲ. ಆಮೇಲೆ ಕಪ್ಪಿನೊಳಗೆ ಇನ್ನೊಂದು ಕಪ್ಪು,
ಅದರ ಮೇಲೆ ಬಿಳಿ, ಸಾಲುಸಾಲು ಬಿಳಿ, ಹಲ್ಲು ಕಿಸಿದು.
ಕಂಬದ ತುದಿಯ ಗಾಳಿಬಟ್ಟಲು ಹಿಮ ಕಚ್ಚಿಕೊಂಡು
ಅಲುಗದೆ, ಬಲು ಪ್ರಾಮಾಣಿಕವಾಗಿ, ಸೊನ್ನೆ ಹೇಳುತ್ತಿತ್ತು.

'ಬೇಡ' ಎಂದು ಬರೆದೆ. 'ತಡಿ.'
'ಎಷ್ಟು ಹೊತ್ತು? ಸಂಖ್ಯೆ ಬೇಕು.'
ಬಿರುಗಾಳಿಯ ಸಂಖ್ಯೆ ನಾನೆಲ್ಲಿಂದ ತರಲಿ? ನಲವತ್ತು ನಿಮಿಷ ಅಂದೆ.
'ಕಾರಣ?'
ಕಿಟಕಿ ಅಂದೆ.
'ದಾಖಲಾಯಿತು.'
ಸಿಗ್ನೆ ಮುದುಕಿಗೆ ಫೋನು ಮಾಡುವುದು
ಹದಿನಾಲ್ಕರಲ್ಲಿ ಯಾವುದೂ ಅಲ್ಲ; ನಾನೇ ಮಾಡಿದೆ.
ಬೈದಳು. ಬೈಸಿಕೊಂಡೆ.

ಬೆಳಕು ಹರಿಯುವ ಮುಂಚೆ ಹನ್ನೊಂದನೆಯ ಚೌಕ ತೆರೆದೆ.
ಇನ್ನೊಂದು ಮಾತಿಗೆ ಜಾಗವಿತ್ತು.
ತೂರ್ಲೈವನ ಸಾಲಿನ ಕೆಳಗೆ
ನಾನೂ ಎರಡೇ ಬೆರಳಲ್ಲಿ:
ಮೊದಲು ದೀಪ ಆರಿಸು.